ಬೆಲೆ ಕಟ್ಟುವವನು ಯಾರ ಕಡೆ?



ಒಂದು ಹೊಲಕ್ಕೆ ಒಂದೇ ಸರ್ವೆ ನಂಬರು, ಒಂದೇ ಚಕ್ಕುಬಂದಿ. ಬೆಲೆ ಮಾತ್ರ ಮೂರು. ಸರ್ಕಾರ ನಾಲೆಗೋ ರಸ್ತೆಗೋ ಕಿತ್ತುಕೊಳ್ಳುವಾಗ ಒಂದು ಬೆಲೆ. ಬ್ಯಾಂಕಿನವರು ಅಡಮಾನ ಬರೆಸಿಕೊಳ್ಳುವಾಗ ಇನ್ನೊಂದು ಬೆಲೆ. ಸಾಲ ತೀರಲಿಲ್ಲ ಅಂತ ಹರಾಜಿಗೆ ಹಾಕುವಾಗ ಮತ್ತೊಂದು ಬೆಲೆ. ಮಣ್ಣು ಅದೇ, ಬಾವಿ ಅದೇ, ಬದುವಿನ ಮೇಲಿನ ಹುಣಸೆಮರ ಅದೇ. ಹಾಗಾದರೆ ಬದಲಾದದ್ದು ಏನು? ಆ ಕಾಗದ ಯಾರಿಗೆ ಬೇಕಾಗಿದೆ, ಯಾತಕ್ಕೆ ಬೇಕಾಗಿದೆ ಅನ್ನೋದು ಬದಲಾಯಿತು. ಅದಕ್ಕೆ ತಕ್ಕ ಹಾಗೆ ಬೆಲೆಯೂ ಬದಲಾಯಿತು.

ಬೆಳೆಯ ಬೆಲೆಗಾಗಿ ನಾವು ರಸ್ತೆ ತಡೆದಿದ್ದೇವೆ, ಧರಣಿ ಕೂತಿದ್ದೇವೆ. ರಾಗಿಗೆ ಎಷ್ಟು, ಭತ್ತಕ್ಕೆ ಎಷ್ಟು, ಕಬ್ಬಿಗೆ ಎಷ್ಟು ಅಂತ ಲೆಕ್ಕ ಕೇಳುವುದನ್ನು ನಮ್ಮ ಹಳ್ಳಿಯ ಹುಡುಗರೂ ಕಲಿತಿದ್ದಾರೆ. ಆದರೆ ಬೆಳೆ ಕೊಡುವ ನೆಲಕ್ಕೆ ಬೆಲೆ ಕಟ್ಟುವವನನ್ನು ‘ಏನಪ್ಪಾ, ಈ ಬೆಲೆ ಹೆಂಗೆ ಬಂತು?’ ಅಂತ ಕೇಳಿದವರು ಎಷ್ಟು ಮಂದಿ? ಈ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನೇ ಕೇಳೋಣ.

ಮೊದಲು ಒಂದು ಮಾತು. ಮಂಡಿಯಲ್ಲಿ ನಿಮ್ಮ ಮೂಟೆ ತೂಗುವವನು ದಲ್ಲಾಳಿಯ ಕಡೆ ತಕ್ಕಡಿ ವಾಲಿಸಿದರೆ ನೀವು ಸುಮ್ಮನಿರುತ್ತೀರಾ? ಅಲ್ಲೇ ಗದ್ದಲ ಮಾಡುತ್ತೀರಿ. ತೂಕದವನು ಕೊಳ್ಳುವವನ ಆಳೂ ಅಲ್ಲ, ಮಾರುವವನ ಆಳೂ ಅಲ್ಲ. ಅವನು ತಕ್ಕಡಿಗೆ ಸಾಕ್ಷಿ. ನೆಲಕ್ಕೆ ಬೆಲೆ ಕಟ್ಟುವವನೂ ಅಷ್ಟೇ. ಭೂಸ್ವಾಧೀನಾಧಿಕಾರಿ ಇರಲಿ, ಬ್ಯಾಂಕಿನ ಪಟ್ಟಿಯಲ್ಲಿರುವ ವ್ಯಾಲ್ಯೂಯರ್ ಇರಲಿ, ಅವನ ಕೆಲಸ ಇದ್ದದ್ದನ್ನು ಇದ್ದಂಗೆ ಹೇಳುವುದು. ಸಾಕ್ಷಿಯಾಗಿ ಕರೆಸಿಕೊಂಡವನು ಒಬ್ಬರ ಪರ ವಕೀಲನಾಗಿ ನಿಂತರೆ ಅದಕ್ಕೆ ವೃತ್ತಿ ಅನ್ನುವುದಿಲ್ಲ, ದಲ್ಲಾಳಿತನ ಅನ್ನುತ್ತಾರೆ.

ಮೊದಲ ಬೆಲೆ, ಅಂದರೆ ಭೂಸ್ವಾಧೀನದ ಬೆಲೆ. ಬ್ರಿಟಿಷರ 1894ರ ಕಾಯ್ದೆ ನಮ್ಮನ್ನು ನೂರಿಪ್ಪತ್ತು ವರ್ಷ ಆಳಿತು. ಪೇಟೆ ಬೆಲೆ ಕೊಡುತ್ತೇವೆ, ಅದರ ಮೇಲೆ ಬಲವಂತದಿಂದ ತೆಗೆದುಕೊಂಡದ್ದಕ್ಕೆ ನೂರಕ್ಕೆ 15 ಹೆಚ್ಚು ಕೊಡುತ್ತೇವೆ ಅಂತ ಅದು ಹೇಳುತ್ತಿತ್ತು. ಆ 15 ಅನ್ನು 1984ರ ತಿದ್ದುಪಡಿ 30 ಮಾಡಿತು. ಕಾಗದದ ಮೇಲೆ ಚೆನ್ನಾಗೇ ಇತ್ತು. ಆದರೆ ಪೇಟೆ ಬೆಲೆ ಎಷ್ಟು ಅಂತ ಹೇಳುವವನು ಸರ್ಕಾರದ ಅಧಿಕಾರಿ, ಹಣ ಕೊಡುವವರೂ ಸರ್ಕಾರವೇ. ಅಧಿಕಾರಿ ಹೆಚ್ಚು ಬರೆದರೆ ಮೇಲಿನವರು ‘ಯಾಕಯ್ಯಾ?’ ಅಂತ ಕೇಳುತ್ತಾರೆ. ಕಡಿಮೆ ಬರೆದರೆ ಯಾರೂ ಕೇಳುವುದಿಲ್ಲ. ರೈತ ಕೋರ್ಟಿಗೆ ಹೋದರೆ ಹೋಗಲಿ ಬಿಡಿ. ಕೊಳ್ಳುವವನ ಕೈಗೇ ತಕ್ಕಡಿ ಕೊಟ್ಟ ಹಾಗಾಯಿತು. ಅಧಿಕಾರಿಯ ಐತೀರ್ಪು ಸರ್ಕಾರ ಮುಂದಿಡುವ ಒಂದು ಬೆಲೆ ಮಾತ್ರ, ಅದೇ ಕೊನೆಯ ಮಾತಲ್ಲ ಅಂತ 1988ರಲ್ಲಿ ಸುಪ್ರೀಂ ಕೋರ್ಟೇ ಸ್ಪಷ್ಟ ಮಾಡಿತು. ಕೋರ್ಟಿಗೆ ಹೋದವರಿಗೆ ಹೆಚ್ಚಿನ ಪರಿಹಾರ ಸಿಕ್ಕ ಮೊಕದ್ದಮೆಗಳು ರಾಶಿ ಬಿದ್ದಿವೆ. ಹೋಗಲಾರದವರ ಕಥೆ ಯಾವ ದಫ್ತರದಲ್ಲೂ ಇಲ್ಲ.

2013ರ ಹೊಸ ಕಾಯ್ದೆ 2014ರ ಜನವರಿ 1ರಿಂದ ಜಾರಿಗೆ ಬಂತು. ಅದರ 26ನೇ ಕಲಮನ್ನು ಪ್ರತಿ ರೈತನೂ ಬಾಯಿಪಾಠ ಮಾಡಬೇಕು. ಮುದ್ರಾಂಕಕ್ಕಾಗಿ ಗೊತ್ತು ಮಾಡಿರುವ ಬೆಲೆ ಒಂದು. ಹತ್ತಿರದ ಅದೇ ಬಗೆಯ ಜಮೀನುಗಳ ಹಿಂದಿನ 3 ವರ್ಷದ ಕ್ರಯಪತ್ರಗಳಲ್ಲಿ, ಹೆಚ್ಚಿನ ಬೆಲೆಯ ಅರ್ಧದಷ್ಟು ಪತ್ರಗಳನ್ನು ತೆಗೆದುಕೊಂಡು ಹಾಕಿದ ಸರಾಸರಿ ಇನ್ನೊಂದು. ಇವುಗಳಲ್ಲಿ ಯಾವುದು ಹೆಚ್ಚೋ ಅದು ತಳದ ಬೆಲೆ. ಹಳ್ಳಿಯ ಜಮೀನಾದರೆ ಆ ತಳದ ಬೆಲೆಯನ್ನು 1ರಿಂದ 2ರವರೆಗಿನ ಗುಣಕದಿಂದ ಹೆಚ್ಚಿಸಬೇಕು. ಅದರ ಮೇಲೆ ಅಷ್ಟೇ ಮೊತ್ತವನ್ನು ಸೊಲೇಷಿಯಂ, ಅಂದರೆ ಸಮಾಧಾನದ ಹಣ ಅಂತ ಸೇರಿಸಬೇಕು.

ಲೆಕ್ಕ ಹಾಕಿ ನೋಡಿ. ತಳದ ಬೆಲೆ ಎಕರೆಗೆ 10 ಲಕ್ಷ ಅಂತಿಟ್ಟುಕೊಳ್ಳಿ. ಗುಣಕ 2 ಆದರೆ 20 ಲಕ್ಷ. ಸಮಾಧಾನದ ಹಣ ಸೇರಿ 40 ಲಕ್ಷ. ಅದೇ ತಳದ ಬೆಲೆಯನ್ನು ಯಾರೋ ಒಬ್ಬ 8 ಲಕ್ಷ ಅಂತ ಬರೆದರೆ ಕೊನೆಗೆ ಬರುವುದು 32 ಲಕ್ಷ. ತಳದಲ್ಲಿ 2 ಲಕ್ಷ ಜಾರಿದರೆ ನಿಮ್ಮ ಕೈಯಿಂದ ಹೋಗುವುದು 8 ಲಕ್ಷ. ತಳದಲ್ಲಿ ಕದ್ದ ಒಂದು ರೂಪಾಯಿ ನಾಲ್ಕು ರೂಪಾಯಿಯವರೆಗೆ ಬೆಳೆಯುತ್ತದೆ. ಕಾಯ್ದೆ ಒಳ್ಳೆಯದಾದಷ್ಟೂ ಬೆಲೆ ಬರೆಯುವವನ ಪೆನ್ನಿನ ತೂಕ ಹೆಚ್ಚಿತು ಅನ್ನೋದು ಇದರ ಅರ್ಥ.

ಆ ಪೆನ್ನಿಗೆ ಎಡೆ ಎಲ್ಲೆಲ್ಲಿದೆ? ‘ಅದೇ ಬಗೆಯ ಜಮೀನು’ ಯಾವುದು ಅನ್ನುವವನು ಅಧಿಕಾರಿ. ರಸ್ತೆ ಪಕ್ಕದ ಕ್ರಯಪತ್ರ ಹಿಡಿಯಬೇಕೋ, ಗುಡ್ಡದಂಚಿನದನ್ನು ಹಿಡಿಯಬೇಕೋ ಅನ್ನುವವನೂ ಅವನೇ. ಯಾವುದಾದರೂ ಕ್ರಯಪತ್ರ ನಿಜವಾದ ಪೇಟೆ ಬೆಲೆ ತೋರಿಸುವುದಿಲ್ಲ ಅಂತ ಜಿಲ್ಲಾಧಿಕಾರಿಗೆ ಅನ್ನಿಸಿದರೆ ಅದನ್ನು ಬದಿಗಿಡಬಹುದು ಅಂತಲೂ ಅದೇ ಕಲಮು ಹೇಳುತ್ತದೆ. ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು ಅಂತ ನೀವು ಕೇಳದಿದ್ದರೆ ನಿಮಗೆ ಗೊತ್ತಾಗುವುದೇ ಇಲ್ಲ.

ಒಂದೇ ಶಬ್ದಕ್ಕೆ ಎಷ್ಟು ಬೆಲೆ ಅನ್ನುವುದಕ್ಕೆ ಕೃಷ್ಣಾ ಕೊಳ್ಳ ನೋಡಿ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮೂರನೇ ಹಂತದ ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ದರ ಗೊತ್ತು ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಖುಷ್ಕಿಗೆ 30 ಲಕ್ಷ. ನಾಲೆಗೆ ಹೋಗುವ ಜಮೀನಿಗೆ 30 ಲಕ್ಷ ಮತ್ತು 25 ಲಕ್ಷ. ಈ ದರ ಸಾಕೋ ಸಾಲದೋ ಅನ್ನುವ ಚರ್ಚೆ ಬೇರೆ. ಇಲ್ಲಿ ನೋಡಬೇಕಾದ್ದು ಇಷ್ಟು: ಸ್ವಂತ ಖರ್ಚಿನಲ್ಲಿ ಬೋರು ಕೊರೆಸಿ, ಪೈಪು ಎಳೆದು, ಖುಷ್ಕಿಯನ್ನು ತೋಟ ಮಾಡಿದ ರೈತನ ಪಹಣಿಯ ಬೆಳೆ ಕಾಲಂನಲ್ಲಿ ಹಳೆಯ ಜೋಳವೇ ಉಳಿದಿದ್ದರೆ, ಅವನು ಎಕರೆಗೆ 10 ಲಕ್ಷ ಕಳೆದುಕೊಳ್ಳಬಹುದು. ಮಹಜರು ಬರೆಯುವವನು ಹೊಲಕ್ಕೆ ಇಳಿದು ಬಾವಿ ನೋಡಿ ಬರೆದನೋ, ಮರದ ನೆರಳಲ್ಲಿ ಕೂತು ಪಹಣಿ ನೋಡಿ ಬರೆದನೋ? ಇದು ಬರೀ ಕಾನೂನಿನ ಪ್ರಶ್ನೆಯಲ್ಲ. ಬರೆಯುವವನ ನೀತಿಯ ಪ್ರಶ್ನೆ.

ಹುಟ್ಟುವಳಿಯ ಲೆಕ್ಕದ ಮೇಲೆ ಬೆಲೆ ಕಟ್ಟುವ ಪದ್ಧತಿಯೂ ಒಂದಿದೆ. ವರ್ಷದ ಆದಾಯದಲ್ಲಿ ಸಾಗುವಳಿ ಖರ್ಚು ಕಳೆದು, ಉಳಿದದ್ದನ್ನು ಸಾಮಾನ್ಯವಾಗಿ 10ರಿಂದ ಗುಣಿಸುತ್ತಾರೆ. ಖರ್ಚು ಅಂತ ಅರ್ಧಕ್ಕರ್ಧ ಕಳೆಯುವುದು ರೂಢಿಯಾಗಿಬಿಟ್ಟಿದೆ. ಪಾಂಡವಪುರ ತಾಲ್ಲೂಕಿನ ಹಿಪ್ಪುನೇರಳೆ ಜಮೀನುಗಳ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2010ರಲ್ಲಿ ತೀರ್ಮಾನವಾಯಿತು. ನೆಲದ ಬೆಳೆ ಅಂದರೆ ಸೊಪ್ಪು, ಆ ಸೊಪ್ಪನ್ನು ರೇಷ್ಮೆಯಾಗಿ ಮಾಡಿ ಗಳಿಸುವ ಆದಾಯ ನೆಲದ ಬೆಲೆಗೆ ಸೇರದು ಅಂತ ತೀರ್ಪಾಯಿತು. ಕೋರ್ಟಿನ ತರ್ಕ ಏನೇ ಇರಲಿ, ನಮಗೆ ಪಾಠ ಇದೆ. ನೆಲದಿಂದ ಏನು ಬಂತು, ಎಷ್ಟು ಬಂತು, ಖರ್ಚು ಎಷ್ಟಾಯಿತು ಅನ್ನುವ ಚೀಟಿ ನಮ್ಮ ಹತ್ತಿರ ಇಲ್ಲದಿದ್ದರೆ ಬೇರೆಯವರು ಊಹೆ ಮಾಡಿ ಬರೆಯುತ್ತಾರೆ. ಅವರ ಊಹೆ ಯಾವತ್ತೂ ನಮ್ಮ ಕಡೆ ವಾಲುವುದಿಲ್ಲ.

ಇನ್ನು ಮಾರ್ಗಸೂಚಿ ದರ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 45ಬಿ ಕಲಮಿನ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ, ಅದರ ಕೆಳಗೆ ಉಪಸಮಿತಿಗಳು ಈ ದರ ಗೊತ್ತು ಮಾಡುತ್ತವೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ದರ ಪರಿಷ್ಕರಣೆಯಾಯಿತು. ಆಗ ನಮ್ಮವರು ಮಾತಾಡಿದ್ದು ಒಂದೇ: ಮುದ್ರಾಂಕ ಶುಲ್ಕ ಜಾಸ್ತಿ ಆಯ್ತಲ್ಲ! ಈ ದರ ಮುದ್ರಾಂಕಕ್ಕೆ ಮಾತ್ರ, ಪರಿಹಾರಕ್ಕೆ ಆಧಾರವಲ್ಲ ಅಂತ 1994ರಲ್ಲಿ ಸುಪ್ರೀಂ ಕೋರ್ಟು ಆಂಧ್ರದ ಒಂದು ಮೊಕದ್ದಮೆಯಲ್ಲಿ ಹೇಳಿತ್ತು, ನಿಜ. ಆದರೆ 2013ರ ಕಾಯ್ದೆ ಬಂದ ಮೇಲೆ ಅದು ಪರಿಹಾರದ ಒಂದು ಅಳತೆಗೋಲೇ ಆಗಿಬಿಟ್ಟಿದೆ. ಕ್ರಯ ಬರೆಸುವಾಗ ದರ ಕಡಿಮೆ ಇರಲಿ, ಸ್ವಾಧೀನ ಆಗುವಾಗ ಜಾಸ್ತಿ ಇರಲಿ ಅಂದರೆ ನಡೆಯದು. ಕ್ರಯಪತ್ರದಲ್ಲಿ 5 ಲಕ್ಷ ಬರೆಸಿ 7 ಲಕ್ಷ ಕೈಮೇಲೆ ಕೊಡುವ ಪದ್ಧತಿ ಹಳ್ಳಿ ಹಳ್ಳಿಯಲ್ಲಿದೆ. ಇದರಿಂದ ಲಾಭ ಆಗುವುದು ಕಪ್ಪುಹಣದವನಿಗೆ. ಆ 5 ಲಕ್ಷದ ಪತ್ರ ನಾಳೆ ಊರಿನ ಸರಾಸರಿಗೆ ಬಂದು ಕೂತಾಗ ಪಕ್ಕದ ಹೊಲದ ಬಡವನ ಪರಿಹಾರ ಇಳಿಯುತ್ತದೆ. ಸುಳ್ಳು ಬೆಲೆ ಬರೆಯುವುದು ವ್ಯಾಲ್ಯೂಯರ್‌ಗೆ ತಪ್ಪಾದರೆ ಕ್ರಯಪತ್ರ ಬರೆಸುವವರಿಗೂ ತಪ್ಪೇ.

ಎರಡನೇ ಬೆಲೆ, ಸಾಲದ ಬೆಲೆ. ಇಲ್ಲಿ ಆಟ ತಿರುಗುಮುರುಗು. ಸಾಲ ಕೊಡುವಾಗ ಬೆಲೆ ಏರುತ್ತದೆ. ಶಾಖೆಗೆ ಇಷ್ಟು ಸಾಲ ಕೊಡಲೇಬೇಕು ಅನ್ನುವ ಗುರಿ ಇರುತ್ತದೆ, ನಡುವಿನ ದಲ್ಲಾಳಿಗೆ ಕಮಿಷನ್ ಇರುತ್ತದೆ. ವ್ಯಾಲ್ಯೂಯರ್ ಕಾರಿನಲ್ಲಿ ಬರುತ್ತಾನೆ, ಮೊಬೈಲಿನಲ್ಲಿ ನಾಲ್ಕು ಫೋಟೋ ಹೊಡೆಯುತ್ತಾನೆ, ‘ಎಷ್ಟು ಸಾಲ ಬೇಕಂತೆ?’ ಅಂತ ಕೇಳುತ್ತಾನೆ. ಕೇಳಬೇಕಾದದ್ದು ‘ಮಣ್ಣು ಯಾವುದು, ನೀರು ಎಷ್ಟು ಅಡಿಗಿದೆ, ದಾರಿ ಇದೆಯಾ’ ಅಂತ. ಬೇಕಾದ ಸಾಲಕ್ಕೆ ತಕ್ಕ ಬೆಲೆ ಹಿಂದಿನಿಂದ ಹುಟ್ಟುತ್ತದೆ. ರೈತನೂ ‘ಪುಣ್ಯಾತ್ಮ, ಜಾಸ್ತಿ ಬರೆದ’ ಅಂತ ಕೈಮುಗಿಯುತ್ತಾನೆ.

ಅದು ಉಪಕಾರವಲ್ಲ ಬಂಧುಗಳೇ. ಉದಾಹರಣೆಗೆ ಎರಡು ಎಕರೆ ರಾಗಿ, ಅವರೆ ಬೆಳೆಯುವ ಹೊಲ. ಖರ್ಚು ಕಳೆದು ವರ್ಷಕ್ಕೆ 40 ಸಾವಿರ ಉಳಿಯಿತು ಅಂತಿಟ್ಟುಕೊಳ್ಳಿ. ಹೆದ್ದಾರಿ ಹತ್ತಿರ ಇದೆ ಅಂತ ಸೈಟಿನ ಲೆಕ್ಕದಲ್ಲಿ ಬೆಲೆ ಕಟ್ಟಿ 10 ಲಕ್ಷ ಸಾಲ ಕೊಟ್ಟರು. ನೂರಕ್ಕೆ 12ರಂತೆ ಬಡ್ಡಿಯೇ ವರ್ಷಕ್ಕೆ 1 ಲಕ್ಷದ 20 ಸಾವಿರ. ಹೊಲ ಹುಟ್ಟಿಸುವುದು 40 ಸಾವಿರ, ಬಡ್ಡಿ ಬೇಡುವುದು ಅದರ ಮೂರರಷ್ಟು. ಈ ಸಾಲ ತೀರುವ ದಾರಿ ಒಂದೇ, ಹೊಲ ಮಾರುವುದು. ಅಂದರೆ ಬೆಲೆ ಕಟ್ಟಿದ ದಿನವೇ ಹೊಲ ಹೋಯಿತು, ನಿಮಗೆ ಗೊತ್ತಾಗಿದ್ದು ಐದು ವರ್ಷ ಆದ ಮೇಲೆ. ಸಾಗುವಳಿ ಸಾಲಕ್ಕೆ ಬೆಲೆ ಕಟ್ಟುವವನು ಮೊದಲು ನೋಡಬೇಕಾದ್ದು ಹೊಲದ ಹುಟ್ಟುವಳಿಯನ್ನು, ದಲ್ಲಾಳಿ ಹೇಳಿದ ಗಾಳಿಮಾತನ್ನಲ್ಲ. ಅಂದ ಹಾಗೆ, 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕು ಹೇಳಿದೆ. ಮೊದಲು ಇದು 1 ಲಕ್ಷದ 60 ಸಾವಿರ ಇತ್ತು. ಅಡಮಾನವೇ ಇಲ್ಲ ಅಂದ ಮೇಲೆ ಬೆಲೆ ಕಟ್ಟಿಸುವ ಫೀಸು ಯಾತಕ್ಕೆ? ಯಾರಾದರೂ ಕೇಳಿದರೆ ರಸೀದಿ ಕೇಳಿ.

ಇದಕ್ಕಿಂತ ಅಪಾಯ ಇನ್ನೊಂದಿದೆ. 2002ರ ಸರ್ಫೇಸಿ ಕಾಯ್ದೆಯಲ್ಲಿ ಬ್ಯಾಂಕು ಕೋರ್ಟಿಗೆ ಹೋಗದೆಯೇ, 60 ದಿನದ ನೋಟೀಸು ಕೊಟ್ಟು, ಅಡಮಾನದ ಆಸ್ತಿ ವಶಪಡಿಸಿಕೊಂಡು ಹರಾಜು ಹಾಕಬಹುದು. ಆದರೆ ಅದೇ ಕಾಯ್ದೆಯ 31ನೇ ಕಲಮು ವ್ಯವಸಾಯದ ಜಮೀನನ್ನು ಈ ಅಧಿಕಾರದಿಂದ ಹೊರಗಿಟ್ಟಿದೆ. ಹಾಗಂತ ಸಾಲ ಮನ್ನಾ ಆಯ್ತು ಅಂತಲ್ಲ. ವಸೂಲಿಗೆ ಬ್ಯಾಂಕು ಬೇರೆ ಕಾನೂನಿನ ದಾರಿ ಹಿಡಿಯಬೇಕು, ನಮ್ಮ ಮಾತು ಕೇಳಿಸಿಕೊಳ್ಳುವವರ ಮುಂದೆ ಬರಬೇಕು. ಅದು ರೈತನಿಗಿರುವ ಒಂದು ಬೇಲಿ.

ಈ ಬೇಲಿ ಕಿತ್ತುಹಾಕಲು ಗುದ್ದಲಿ ಬೇಡ, ಒಂದು ಸಾಲು ಸಾಕು. ವರದಿಯಲ್ಲಿ ‘ಸದ್ಯ ಪಾಳು ಬಿದ್ದಿದೆ, ವಸತಿ ಬಡಾವಣೆಗೆ ಯೋಗ್ಯ’ ಅಂತ ವ್ಯಾಲ್ಯೂಯರ್ ಬರೆದ ಅಂತಿಟ್ಟುಕೊಳ್ಳಿ. ಮಳೆ ಇಲ್ಲದ ವರ್ಷ ಬಂದಿದ್ದಾನೆ, ಹೊಲ ಖಾಲಿ ಕಂಡಿದೆ. ಜಮೀನು ವ್ಯವಸಾಯದ್ದೋ ಅಲ್ಲವೋ ಅನ್ನುವುದು ವಾಸ್ತವದ ಬಳಕೆಯ ಮೇಲೆ ತೀರ್ಮಾನವಾಗಬೇಕು, ಪಹಣಿಯ ನಮೂದೊಂದೇ ಸಾಲದು ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಅದನ್ನು ಸಾಬೀತು ಮಾಡುವ ಹೊಣೆ ಸಾಲಗಾರನದ್ದು ಅಂತ 2023ರ ಜನವರಿಯಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದೆ. ಹೀಗಿರುವಾಗ ಬ್ಯಾಂಕಿನ ಫೈಲಿನಲ್ಲಿರುವ ಆ ಒಂದು ಸಾಲು ನಾಳೆ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಆ ಸಾಲು ಬರೆದದ್ದು ನಿಮಗೆ ಗೊತ್ತೇ ಇರುವುದಿಲ್ಲ, ಯಾಕೆಂದರೆ ವರದಿ ನಿಮ್ಮ ಕೈಗೆ ಕೊಡುವುದಿಲ್ಲ, ಕೊಟ್ಟರೂ ಇಂಗ್ಲಿಷಿನಲ್ಲಿರುತ್ತದೆ. ಆದ್ದರಿಂದ ಪ್ರತಿ ವರ್ಷ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ನಮೂದಾಗಿದೆಯಾ ನೋಡಿ. ಗೊಬ್ಬರದ ಬಿಲ್ಲು, ಮಂಡಿಯ ಚೀಟಿ, ಡೇರಿಯ ಪುಸ್ತಕ ಜೋಪಾನ ಮಾಡಿ. ಅವೇ ನಿಮ್ಮ ಸಾಕ್ಷಿಗಳು.

ಮೂರನೇ ಬೆಲೆ, ಹರಾಜಿನ ಬೆಲೆ. ಮನೆ, ಪರಿವರ್ತನೆಯಾದ ನಿವೇಶನ, ಗೋದಾಮು ಇವೆಲ್ಲ ಸರ್ಫೇಸಿಗೆ ಸಿಕ್ಕುವ ಆಸ್ತಿಗಳು. ಮಾರುವ ಮೊದಲು ಅಂಗೀಕೃತ ವ್ಯಾಲ್ಯೂಯರ್‌ನಿಂದ ಬೆಲೆ ಕಟ್ಟಿಸಿ, ಅದರ ಮೇಲೆ ಹರಾಜಿನ ಕನಿಷ್ಠ ಬೆಲೆ ಗೊತ್ತು ಮಾಡಬೇಕು ಅಂತ 2002ರ ನಿಯಮಗಳೇ ಹೇಳುತ್ತವೆ. ಬ್ಯಾಂಕಿನ ವರದಿಗಳಲ್ಲಿ ಒಂದೇ ಹಾಳೆಯ ಮೇಲೆ ಮೂರು ಅಂಕಿ ಬರೆಯುವ ಪದ್ಧತಿ ಇದೆ: ಪೇಟೆ ಬೆಲೆ, ಕೈಗೆ ಸಿಗಬಹುದಾದ ಬೆಲೆ, ಒತ್ತಾಯದ ಮಾರಾಟದ ಬೆಲೆ. ಸಾಲ ಕೊಡುವಾಗ ಮೊದಲನೆಯದು ಕಣ್ಣಿಗೆ ಬಿತ್ತು. ಹರಾಜಿನ ದಿನ ಮೂರನೆಯದು ಕಣ್ಣಿಗೆ ಬೀಳುತ್ತದೆ. ಬ್ಯಾಂಕಿಗೆ ಅದರ ಬಾಕಿ ಬಂದರೆ ಸಾಕು. ಬಿಡ್ಡು ಮಾಡುವವನಿಗೆ ಅಗ್ಗ ಆದರೆ ಸಾಕು. ಬಾಕಿ ಕಳೆದು ಉಳಿಯುವ ಹಣ ರೈತನದ್ದು ತಾನೇ? ಅದರ ಬಗ್ಗೆ ಚಿಂತೆ ಮಾಡುವವನು ಆ ಕೋಣೆಯಲ್ಲಿ ಒಬ್ಬನೂ ಇಲ್ಲ. ಇರಬೇಕಾದವನು ಬೆಲೆ ಕಟ್ಟುವವನು. ಅವನೇ ಫೀಸು ಕೊಟ್ಟವರ ಕಡೆ ನೋಡಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಹಾಗಾದರೆ ಈ ವೃತ್ತಿಗೆ ನೀತಿ ಸಂಹಿತೆ ಇಲ್ಲವೇ? ಇದೆ, ಚೆನ್ನಾಗೇ ಇದೆ. ಕಂಪನಿ ಕಾಯ್ದೆಯ ಅಡಿಯಲ್ಲಿ 2017ರಲ್ಲಿ ನೋಂದಾಯಿತ ವ್ಯಾಲ್ಯೂಯರ್‌ಗಳ ನಿಯಮಗಳು ಬಂದವು. ಜೊತೆಗೆ ಒಂದು ಮಾದರಿ ನಡತೆ ಸಂಹಿತೆಯೂ ಬಂತು. ವ್ಯಾಲ್ಯೂಯರ್ ಸ್ವತಂತ್ರನಾಗಿರಬೇಕು. ಆ ಆಸ್ತಿಯಲ್ಲಿ ತನಗೆ ಹಿತಾಸಕ್ತಿ ಇದ್ದರೆ ಮೊದಲೇ ಹೇಳಬೇಕು. ಗಿರಾಕಿಯ ಅನುಕೂಲಕ್ಕೆ ತಕ್ಕ ಬೆಲೆ ಕಟ್ಟಬಾರದು. ಕೆಲಸ ಆದರೆ ಇಷ್ಟು ಅಂತ ಗೆಲುವಿನ ಫೀಸು ತೆಗೆದುಕೊಳ್ಳಬಾರದು. ಬರೆದು ಒಪ್ಪಿಕೊಂಡ ಫೀಸಿನ ಹೊರತು ಬೇರೆ ಹಣ ಮುಟ್ಟಬಾರದು. ತನ್ನ ಸ್ವಾತಂತ್ರ್ಯಕ್ಕೆ ಧಕ್ಕೆ ತರುವ ಉಡುಗೊರೆ, ಸತ್ಕಾರ ಒಪ್ಪಿಕೊಳ್ಳಬಾರದು. ಕಾಗದಪತ್ರಗಳನ್ನು ಕನಿಷ್ಠ 3 ವರ್ಷ ಇಟ್ಟುಕೊಂಡಿರಬೇಕು. ಓದಿದರೆ ಸಂತೋಷವಾಗುತ್ತದೆ.

ಆದರೆ ಈ ನಿಯಮಗಳು ಕಂಪನಿ ಕಾಯ್ದೆ ಮತ್ತು ದಿವಾಳಿ ಸಂಹಿತೆಯ ಅಡಿಯಲ್ಲಿ ಮಾಡುವ ಮೌಲ್ಯಮಾಪನಕ್ಕೆ. ಕಂಪನಿ ದಿವಾಳಿಯೆದ್ದರೆ ಅದರ ಆಸ್ತಿಗೆ ಬೆಲೆ ಕಟ್ಟುವವನು ಈ ಸಂಹಿತೆಗೆ ಬದ್ಧ. ರೈತ ದಿವಾಳಿಯೆದ್ದರೆ? ಅದೇ ಮನುಷ್ಯ, ಅದೇ ಪೆನ್ನು, ಆದರೆ ಅಲ್ಲಿ ಆ ಸಂಹಿತೆಯ ಹಿಡಿತವಿಲ್ಲ. ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2007ರಲ್ಲಿ ಸೂಚನೆ ಕೊಟ್ಟಿತು: ಬೆಲೆ ಕಟ್ಟುವವನಿಗೆ ಆಸ್ತಿಯಲ್ಲಿ ನೇರವಾಗಲಿ ಪರೋಕ್ಷವಾಗಲಿ ಹಿತಾಸಕ್ತಿ ಇರಬಾರದು, 50 ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿಗೆ ಎರಡು ಸ್ವತಂತ್ರ ವರದಿ ತೆಗೆದುಕೊಳ್ಳಬೇಕು ಅಂತ. 50 ಕೋಟಿಯವನಿಗೆ ಎರಡು ಕಣ್ಣು, ಎರಡೆಕರೆಯವನಿಗೆ ಒಂದು ಕಣ್ಣು, ಅದೂ ಅರ್ಧ ಮುಚ್ಚಿದ್ದು! ಎಲ್ಲ ವ್ಯಾಲ್ಯೂಯರ್‌ಗಳಿಗೂ ಅನ್ವಯವಾಗುವ ಪ್ರತ್ಯೇಕ ಕಾನೂನು ಬೇಕು ಅಂತ ತಜ್ಞರ ಸಮಿತಿಯೊಂದು 2020ರಲ್ಲಿ ಕರಡು ಮಸೂದೆಯನ್ನೇ ಕೊಟ್ಟಿತು. ಕರಡು ಕರಡಾಗಿಯೇ ಉಳಿಯಿತು.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕಾದಲ್ಲಿ 1980ರ ದಶಕದಲ್ಲಿ ಆಸ್ತಿಗಳಿಗೆ ಇಲ್ಲದ ಬೆಲೆ ಕಟ್ಟಿ ಸಾಲ ಕೊಟ್ಟದ್ದೂ ಒಂದು ಕಾರಣವಾಗಿ ಉಳಿತಾಯ ಮತ್ತು ಸಾಲ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದವು. 1989ರಲ್ಲಿ ಕಾನೂನು ಮಾಡಿ ಬೆಲೆ ಕಟ್ಟುವವರಿಗೆ ರಾಜ್ಯಗಳ ಲೈಸೆನ್ಸು ಕಡ್ಡಾಯ ಮಾಡುವ ವ್ಯವಸ್ಥೆ ತಂದರು. ಆದರೂ 2008ರಲ್ಲಿ ಮನೆಸಾಲದ ಗುಳ್ಳೆ ಒಡೆಯಿತು. ಆಮೇಲೆ 2010ರ ಕಾನೂನಿನಲ್ಲಿ, ಬೆಲೆ ಕಟ್ಟುವವನ ಮೇಲೆ ಒತ್ತಡ ಹಾಕುವುದನ್ನೂ ಅವನಿಗೆ ಲಂಚ ಕೊಡುವುದನ್ನೂ ನಿಷೇಧಿಸಿದರು. ಇದರಿಂದ ತಿಳಿಯುವುದು ಇಷ್ಟೇ: ತಪ್ಪು ಬೆಲೆ ಬರೆದವನನ್ನು ಹಿಡಿದರೆ ಸಾಲದು, ಬರೆಸಿದವನನ್ನೂ ಹಿಡಿಯಬೇಕು.

ಯಾಕೆ ಹೀಗೆ ಹೇಳುತ್ತೇನೆಂದರೆ, ಬೆಲೆ ಕಟ್ಟುವವರೆಲ್ಲ ಕೆಟ್ಟವರು ಅಂತ ನನ್ನ ವಾದವಲ್ಲ. ಅವರಲ್ಲಿ ಎಷ್ಟೋ ಮಂದಿ ನಮ್ಮ ಹಳ್ಳಿಯಿಂದಲೇ ಹೋಗಿ ಇಂಜಿನಿಯರಿಂಗ್ ಓದಿದ ಮಕ್ಕಳು. ಬ್ಯಾಂಕಿನವರಿಗೆ ಬೇಕಾದ ಅಂಕಿ ಬರೆಯದಿದ್ದರೆ ಮುಂದಿನ ಕೆಲಸ ಬರುವುದಿಲ್ಲ, ಪಟ್ಟಿಯಿಂದ ಹೆಸರೇ ಹೋಗಬಹುದು ಅನ್ನುವ ಹೆದರಿಕೆ ಅವರಿಗೂ ಇದೆ. ಹೆಂಡತಿ ಮಕ್ಕಳಿರುವ ಮನುಷ್ಯನಿಗೆ ಬರೀ ಪ್ರಾಮಾಣಿಕನಾಗಿರು ಅಂತ ಉಪದೇಶ ಮಾಡಿದರೆ ಸಾಲದು, ಪ್ರಾಮಾಣಿಕನಾಗಿದ್ದೂ ಬದುಕುವ ವ್ಯವಸ್ಥೆ ಮಾಡಬೇಕು. ಆದರೆ ಆ ಮಕ್ಕಳಿಗೆ ಒಂದು ಮಾತು ಹೇಳಲೇಬೇಕು. ಒತ್ತಡ ಯಾರದೇ ಇರಲಿ, ಕೆಳಗಿನ ರುಜು ನಿನ್ನದು ಕಣಪ್ಪ. ನೀನು ಅಂಕಿ ಬರೆದು ಮನೆಗೆ ಹೋಗುತ್ತೀಯ. ಆ ಅಂಕಿಯ ಕೆಳಗೆ ಒಂದು ಸಂಸಾರ ಬದುಕುತ್ತದೆ, ಇಲ್ಲವೇ ಬೀದಿಗೆ ಬೀಳುತ್ತದೆ.

ಇನ್ನೊಂದು ಮೂಲ ಪ್ರಶ್ನೆ. ಒಪ್ಪಿ ಮಾರುವವನು, ಒಪ್ಪಿ ಕೊಳ್ಳುವವನು ಇಬ್ಬರೂ ಕೂತು ಆಡುವ ಬೆಲೆಯೇ ಪೇಟೆ ಬೆಲೆ ಅನ್ನುವುದು ಈ ವೃತ್ತಿಯ ಮೊದಲ ಪಾಠ. ಸ್ವಾಧೀನದಲ್ಲಿ ಒಪ್ಪಿ ಮಾರುವವನು ಎಲ್ಲಿದ್ದಾನೆ? ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆಗಾಗಿ 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. ಕೊಡುವುದಿಲ್ಲ ಅನ್ನುವುದೂ ಒಂದು ಉತ್ತರ ಅಂತ ಅವರು ತೋರಿಸಿಕೊಟ್ಟರು. 1980ರಲ್ಲಿ ನರಗುಂದ ನವಲಗುಂದದ ರೈತರು ಎದ್ದದ್ದೂ ಇಂಥದೇ ಒಂದು ಲೆಕ್ಕದ ವಿರುದ್ಧ. ನೀರಾವರಿಯಿಂದ ಜಮೀನಿನ ಬೆಲೆ ಏರಿದೆ, ಅಭಿವೃದ್ಧಿ ಕರ ಕಟ್ಟಿ ಅಂತ ಸರ್ಕಾರ ಮಲಪ್ರಭಾ ಅಚ್ಚುಕಟ್ಟಿನವರನ್ನು ಕೇಳಿತ್ತು. ಕರ ಕೇಳುವಾಗ ಏರುವ ಬೆಲೆ, ಪರಿಹಾರ ಕೊಡುವಾಗ ಇಳಿಯುತ್ತದೆ. ಇದು ಇವತ್ತಿನ ಆಟವಲ್ಲ.

ಓದುಗರು ತಕ್ಷಣ ಮಾಡಬೇಕಾದ ಕೆಲಸ ಕೆಲವಿವೆ. ಜಂಟಿ ಮೋಜಣಿಗೆ ಬಂದಾಗ ಹೊಲದಲ್ಲೇ ಇರಿ. ಬಾವಿ, ಬೋರು, ಪೈಪು, ಬದು, ಮರ ಎಲ್ಲವನ್ನೂ ಎಣಿಸಿ ಮಹಜರಿಗೆ ಬರೆಸಿ. ಮರ ಮತ್ತು ಬೆಳೆಗೆ ತೋಟಗಾರಿಕೆ, ಅರಣ್ಯ, ರೇಷ್ಮೆ, ಕೃಷಿ ಬಲ್ಲವರಿಂದ ಬೆಲೆ ಕಟ್ಟಿಸಲು 2013ರ ಕಾಯ್ದೆಯ 29ನೇ ಕಲಮಿನಲ್ಲಿ ಅವಕಾಶವಿದೆ, ಅದನ್ನು ಕೇಳಿ. ಖಾಲಿ ಕಾಗದಕ್ಕೆ ರುಜು ಹಾಕಬೇಡಿ. ಒಪ್ಪಂದದ ಐತೀರ್ಪಿಗೆ ರುಜು ಹಾಕಿದರೆ ಆಮೇಲೆ ಹೆಚ್ಚಿನ ಬೆಲೆ ಕೇಳುವ ದಾರಿ ಮುಚ್ಚುತ್ತದೆ ಅನ್ನುವುದು ತಿಳಿದಿರಲಿ. ಹಣ ತೆಗೆದುಕೊಳ್ಳುವಾಗ ‘ಮೊತ್ತ ಸಾಲದು, ಆಕ್ಷೇಪಣೆಯೊಂದಿಗೆ ಪಡೆದಿದ್ದೇನೆ’ ಅಂತ ಬರೆದೇ ರುಜು ಮಾಡಿ. ಹಾಗೆ ಬರೆಯದೆ ಹಣ ಪಡೆದವನಿಗೆ 64ನೇ ಕಲಮಿನ ಅರ್ಜಿ ಹಾಕುವ ಹಕ್ಕಿಲ್ಲ ಅಂತ 77ನೇ ಕಲಮು ಹೇಳುತ್ತದೆ. ಐತೀರ್ಪಿನ ದಿನ ನೀವು ಹಾಜರಿದ್ದರೆ ಆ ಅರ್ಜಿಗೆ 6 ವಾರ ಮಾತ್ರ ಅವಕಾಶ. ಮಾರ್ಗಸೂಚಿ ದರದ ಕರಡು ಪ್ರಕಟವಾದಾಗ ಊರಿನವರೆಲ್ಲ ಸೇರಿ ಆಕ್ಷೇಪಣೆ ಹಾಕಿ.

ಸರ್ಕಾರ ಮತ್ತು ಬ್ಯಾಂಕುಗಳ ಮುಂದೆ ನಾವು ಇಡಬೇಕಾದ ಒತ್ತಾಯಗಳು ಇವು:

1. ರೈತನ ಆಸ್ತಿಗೆ ಕಟ್ಟಿದ ಬೆಲೆಯ ವರದಿಯ ಪ್ರತಿ ಕನ್ನಡದಲ್ಲಿ, ಕೇಳದೆಯೇ, ರೈತನ ಕೈಗೆ ಬರಬೇಕು.

2. ಆ ವರದಿಯಲ್ಲಿ ಯಾವ ದಿನ ಹೊಲ ನೋಡಿದರು, ಯಾವ ಕ್ರಯಪತ್ರ ಹಿಡಿದರು, ಯಾವುದನ್ನು ಬಿಟ್ಟರು, ಯಾಕೆ ಬಿಟ್ಟರು, ಫೀಸು ಯಾರು ಕೊಟ್ಟರು ಎಂಬುದೆಲ್ಲ ಇರಬೇಕು.

3. ಪಟ್ಟಿಯಲ್ಲಿರುವ ವ್ಯಾಲ್ಯೂಯರ್‌ಗಳಿಗೆ ಸರದಿಯ ಮೇಲೆ ಕೆಲಸ ಹಂಚಬೇಕು. ಮ್ಯಾನೇಜರು ತನಗೆ ಬೇಕಾದವನನ್ನು ಆರಿಸುವುದು ನಿಲ್ಲಬೇಕು.

4. ಹರಾಜಿನ ಕನಿಷ್ಠ ಬೆಲೆ ಗೊತ್ತು ಮಾಡುವ ಮುಂಚೆ ಸಾಲಗಾರನ ಆಕ್ಷೇಪಣೆ ಕೇಳಬೇಕು. ಅವನು ಬಯಸಿದರೆ ಎರಡನೇ ವರದಿ ತರಿಸಬೇಕು.

5. ಕಂಪನಿಗಳ ಆಸ್ತಿಗೆ ಇರುವ ನಡತೆ ಸಂಹಿತೆ ರೈತನ ಎರಡೆಕರೆಗೂ ಕಾನೂನಾಗಿ ಬರಬೇಕು. ತಪ್ಪು ಬೆಲೆ ಬರೆದವನಿಗೂ ಬರೆಸಿದವನಿಗೂ ಶಿಕ್ಷೆ ಇರಬೇಕು.

ಇವುಗಳಲ್ಲಿ ಯಾವುದೂ ಭಿಕ್ಷೆಯಲ್ಲ, ಸಬ್ಸಿಡಿಯೂ ಅಲ್ಲ. ಸರ್ಕಾರದ ಬೊಕ್ಕಸಕ್ಕೆ ಇದರಿಂದ ದೊಡ್ಡ ಹೊರೆಯೂ ಇಲ್ಲ. ತಕ್ಕಡಿ ಸರಿಯಾಗಿ ಹಿಡಿಯಿರಿ, ನಾವೂ ನೋಡುವ ಹಾಗೆ ಹಿಡಿಯಿರಿ ಅಂತ ಕೇಳುತ್ತಿದ್ದೇವೆ, ಅಷ್ಟೆ. ಈ ಸಂಚಿಕೆ ಕೈಗೆ ಬಂದವರು ಗ್ರಾಮ ಘಟಕದ ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ. ನಿಮ್ಮೂರಿನಲ್ಲಿ ಅಡಮಾನ ಇಟ್ಟಿರುವ ಪ್ರತಿಯೊಬ್ಬರೂ ತಮ್ಮ ಬ್ಯಾಂಕಿಗೆ ಒಂದು ಅರ್ಜಿ ಬರೆಯಲಿ: ‘ನನ್ನ ಜಮೀನಿಗೆ ಕಟ್ಟಿದ ಬೆಲೆಯ ವರದಿಯ ಪ್ರತಿ ಕೊಡಿ.’ ಒಬ್ಬ ಬರೆದರೆ ಅದು ಕಸದ ಬುಟ್ಟಿಗೆ ಹೋಗಬಹುದು. ಊರಿನ ಅರವತ್ತು ಮಂದಿ ಒಂದೇ ದಿನ ಬರೆದು ಸ್ವೀಕೃತಿ ಕೇಳಲಿ, ಆಗ ಮ್ಯಾನೇಜರು ಕುರ್ಚಿಯಿಂದ ಎದ್ದು ಬಂದು ಮಾತಾಡುತ್ತಾನೆ.